ಬ್ಲೇಡಿಗಿಟ್ಟ ಕುಂಕುಮ

ಉತ್ತರ ಕೆರೊಲಿನಾದಲ್ಲಿ ನಾನು ಮಾಸ್ಟರ್ಸ್ ಓದುತ್ತಿದ್ದಾಗ ನಮ್ಮ ಲ್ಯಾಬಿನ ಕೆಲಸವೆಂದರೆ ಸವೆದ ಬ್ಲೇಡುಗಳ ರಿಪೇರಿ. ವಿದ್ಯುತ್ ಸ್ಥಾವರಗಳ ಗ್ಯಾಸ್ ಟರ್ಬೈನಿನಲ್ಲಿ ವರ್ಷಗಟ್ಟಲೆ ತಿರುಗಿ ತುದಿ ಸವೆದವುಗಳನ್ನು ಒಂದು ಕಂಪನಿ ಕಳಿಸಿಕೊಡುತ್ತಿತ್ತು. ತುದಿಗೆ ಬೆಸುಗೆ ಹಾಕಿ, ಕುಲುಮೆಯಲ್ಲಿ ಕಾಯಿಸಿ, ಉಜ್ಜಿ ಮತ್ತೆ ಆಕಾರಕ್ಕೆ ತರುವುದನ್ನು ಕಲಿಯುವುದೇ ನಮ್ಮ ಓದು. ಪಾತ್ರೆಗೆ ಕಲಾಯಿ ಹಾಕಿದ ಹಾಗೆ ಎಂದು ಅಮ್ಮನಿಗೆ ಫೋನಿನಲ್ಲಿ ವಿವರಿಸಿದೆ. ಅವಳಿಗೆ ಅಂಥ ಹೆಮ್ಮೆಯೇನೂ ಆಗಲಿಲ್ಲ.

ಲ್ಯಾಬಿನಲ್ಲಿ ಕನ್ನಡದವರು ಇಬ್ಬರೇ, ನಾನು ಮತ್ತು ಹಾಸನದ ಒಬ್ಬ ಸಹಪಾಠಿ. ಅವನ ಪ್ರಬಂಧವೆಲ್ಲ ಒಂದೇ ಒಂದು ಬ್ಲೇಡಿನ ಮೇಲೆ ನಿಂತಿತ್ತು. ಅದರ ಪರೀಕ್ಷೆ ಮುಗಿದರೆ ಡಿಸೆಂಬರಿನಲ್ಲಿ ಪದವಿ, ಆಮೇಲೆ ಅಟ್ಲಾಂಟಾದ ಹತ್ತಿರ ಒಂದು ಕಾರ್ಖಾನೆಯಲ್ಲಿ ಕೆಲಸ. ಆಫರ್ ಆಗಲೇ ಕೈಯಲ್ಲಿತ್ತು.

ಆ ಲೋಹದ ಮಡಿ ನನ್ನ ಅಜ್ಜಿಯ ಮಡಿಗಿಂತ ಬಿಗಿ. ಬೆಸುಗೆಗೆ ಮುಂಚೆ ಬರಿಗೈಯಲ್ಲಿ ಮುಟ್ಟುವಂತಿಲ್ಲ, ಸಾಮಾನ್ಯ ಪೆನ್ನಿನಲ್ಲಿ ಗುರುತು ಮಾಡುವಂತಿಲ್ಲ. ಬಣ್ಣದಲ್ಲಿ ಚೂರು ಸೀಸವೋ ಗಂಧಕವೋ ಇದ್ದರೂ ಕುಲುಮೆಯ ಶಾಖಕ್ಕೆ ಒಳಗಿಳಿದು ಲೋಹ ಬಿರುಕು ಬಿಡುತ್ತದೆ.

ಆಯುಧಪೂಜೆಯ ದಿನ ಅವನು ಪ್ರೊಫೆಸರನ್ನು ಕೇಳಿಯೇ ಬೆಸುಗೆ ಯಂತ್ರಕ್ಕೆ ಪೂಜೆ ಮಾಡಿದ. ಸ್ಮೋಕ್ ಅಲಾರಂಗೆ ಹೆದರಿ ಕರ್ಪೂರ ಹಚ್ಚಲಿಲ್ಲ. ಅದರ ಬಾಗಿಲಿಗೆ ಕುಂಕುಮ ಇಟ್ಟ, ಸ್ವಿಚ್ಚಿಗೆ ಇಟ್ಟ, ಅದೇ ಓಘದಲ್ಲಿ ಒಳಗೆ ಬಿಗಿದಿದ್ದ ತನ್ನ ಬ್ಲೇಡಿಗೂ ಇಟ್ಟ.

"ಏಯ್, ಬ್ಲೇಡಿಗೂ ಇಟ್ಬಿಟ್ಯಲ್ಲೋ!" ಎಂದೆ. ಅವನ ಮುಖ ಬಿಳಿಚಿಕೊಂಡಿತು.

"ಅಸಿಟೋನ್ ಹಾಕಿ ಕ್ಲೀನ್ ಮಾಡ್ಬಿಡು, ಏನೂ ಆಗಲ್ಲ," ಎಂದು ನಾನೇ ಸಮಾಧಾನ ಹೇಳಿದೆ.

"ನಾಳೆ ಅದು ಕ್ರ್ಯಾಕ್ ಆದ್ರೆ ವೆಲ್ಡಿಂಗಿಂದ ಆಯ್ತೋ ಕುಂಕುಮದಿಂದ ಆಯ್ತೋ ಹೇಗೆ ಹೇಳ್ಲಿ ಕಣೇ? ಥೀಸಿಸ್ಸೇ ಅದಲ್ವಾ?" ಎಂದವನೇ ಪ್ರೊಫೆಸರ ಕೋಣೆಗೆ ಹೋದ.

ಅವರು ಗದರಲಿಲ್ಲ. ಕುಂಕುಮದಲ್ಲಿ ಏನೇನಿದೆ ಎಂದಷ್ಟೇ ಕೇಳಿದರು. ಪೊಟ್ಟಣದ ಮೇಲೆ ದೇವಿಯ ಚಿತ್ರ ಬಿಟ್ಟರೆ ಬೇರೇನೂ ಇರಲಿಲ್ಲ. ಹಾಗಾದರೆ ಇದು ಪರೀಕ್ಷೆಗೆ ಬರುವುದಿಲ್ಲ ಎಂದು ಬ್ಲೇಡನ್ನು ಕಪಾಟಿನ ಮೂಲೆಗೆ ಎತ್ತಿಟ್ಟರು. ಕಂಪನಿಯಿಂದ ಇನ್ನೊಂದು ಬರುವಷ್ಟರಲ್ಲಿ ಬೇಸಿಗೆಯಾಯಿತು, ಅಟ್ಲಾಂಟಾದ ಕೆಲಸ ಬೇರೆಯವರ ಪಾಲಾಯಿತು. ನನಗೆ ಪ್ರೊಫೆಸರ ಮೇಲೂ ಸಿಟ್ಟು, ದೇವಿಯ ಮೇಲೂ ಸಿಟ್ಟು. ಅವನು ಮಾತ್ರ ಮೊದಲಿನಿಂದ ಶುರು ಮಾಡಿದ.

ಮುಂದಿನ ವರ್ಷ ಆಯುಧಪೂಜೆಯ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಬೆಳಿಗ್ಗೆ ಪ್ರೊಫೆಸರೇ ಲ್ಯಾಬಿಗೆ ಬಂದು, ಇವತ್ತಲ್ಲವೇ ನಿಮ್ಮ ಹಬ್ಬ ಎಂದರು. ಗ್ಲೋವ್ಸ್ ಹಾಕಿಕೊಂಡು ಹೊಸ ಬ್ಲೇಡನ್ನು ಯಂತ್ರದಿಂದ ಬಿಚ್ಚಿ, ಶುಭ್ರವಾದ ಬಟ್ಟೆಯಲ್ಲಿ ಸುತ್ತಿ ಬೀಗ ಹಾಕಿಟ್ಟರು. ಕಪಾಟಿನ ಮೂಲೆಯಿಂದ ಹಳೆಯದನ್ನು ತಂದು ಅದರ ಜಾಗದಲ್ಲಿ ಕೂರಿಸಿ, ಇದಕ್ಕೆ ಎಷ್ಟು ಬೇಕಾದರೂ ಹಚ್ಚು ಎಂದರು. ಕಳೆದ ವರ್ಷದ ಬೊಟ್ಟು ಮಾಸಿದ್ದರೂ ಅದರ ಮೇಲೆ ಇನ್ನೂ ಇತ್ತು.

ಅವನು ಹೋಗಿ ಕುಂಕುಮದ ಪೊಟ್ಟಣ ತಂದ. ಆಮೇಲೆ ಆ ಬೊಟ್ಟಿನ ಮೇಲೇ ಹೊಸದಾಗಿ ಕುಂಕುಮ ಇಟ್ಟ. ನನಗೆ ಅಳು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ನಾನೂ ಪೊಟ್ಟಣಕ್ಕೆ ಕೈ ಹಾಕಿದೆ.

"ಗ್ಲೋವ್ಸ್ ಹಾಕ್ಕೊಳ್ಳೇ," ಎಂದ, "ಆಮೇಲೆ ಹೊಸದನ್ನ ಫಿಟ್ ಮಾಡ್ಬೇಕು."