ಮೂಸಿ ನೋಡಿದ ಹೊಸ ಮನುಷ್ಯ

ಕಳೆದ ಭಾನುವಾರ ಇಳಕಲ್ಲಿನಲ್ಲಿ, ನನ್ನ ತಮ್ಮನ ಮನೆಯ ಬಾಗಿಲಲ್ಲೇ, ಪಾದ್ರಿಯೊಬ್ಬರು ಅವನ ಬಾಯಿ ಮೂಸಿದರು.

ಗಾಬರಿಯಾಗಬೇಡಿ. ಅಂದು ತಮ್ಮನ ಮಗಳು ಸವಿತಾಳ ನಿಶ್ಚಿತಾರ್ಥ. ತಮ್ಮ ಈರಣ್ಣ ಒಂದು ಕಾಲದಲ್ಲಿ ಭರ್ಜರಿ ಕುಡುಕ. (ನಮ್ಮ ಮನೆತನದಲ್ಲಿ ಊರಿಗೆಲ್ಲ ಗೊತ್ತಿದ್ದ ಹೆಸರು ಅವನದೊಂದೇ.) ಹೋದ ವರ್ಷ ಬಿಟ್ಟ. ಮತ್ತೆ ಮುಟ್ಟಿಲ್ಲ.

ಪಾದ್ರಿ ನನ್ನ ಗೆಳೆಯರು. ಬಾಗಲಕೋಟೆಯಿಂದ ನನ್ನ ಕಾರಿನಲ್ಲೇ ಬಂದರು. ದಾರಿಯುದ್ದಕ್ಕೂ ಗ್ರೀಕ್ ಪಾಠ. ಹೊಸದು ಎನ್ನಲು ಗ್ರೀಕಿನಲ್ಲಿ ಎರಡು ಪದವಂತೆ. ನಿನ್ನೆ ಮೊನ್ನೆ ಬಂದದ್ದು ‘ನೆಯೊಸ್’. ಗುಣದಲ್ಲೇ ಹೊಸದಾದದ್ದು ‘ಕೈನೊಸ್’. ನಂಬಿದವನು ಹೊಸ ಸೃಷ್ಟಿ ಎನ್ನುವಾಗ ಬೈಬಲ್ ಬಳಸುವುದು ಎರಡನೆಯದನ್ನು.

“ಹಳೇ ಮನಷ್ಯಾಗ ಸುಣ್ಣಾ ಹಚ್ಚೂದಲ್ರಿ ಅದು. ಮನಷ್ಯಾನ ಬ್ಯಾರೆ ಆಗಿರ್ತಾನ” ಎಂದರು.

ಈರಣ್ಣ ಲಿಂಗ ಕಟ್ಟಿಕೊಂಡವನು, ಅವನಿಗೂ ಈ ಪದ ಸಲ್ಲುತ್ತದೆಯೇ ಎಂದು ಕೇಳಿದೆ.

“ಯಾಕ ಸಲ್ಲಂಗಿಲ್ರಿ? ಖರೆ ಕೈನೊಸ್ ಅಂದ್ರ ಅಂವನ!”

ಹುನಗುಂದ ದಾಟುವಷ್ಟರಲ್ಲಿ ನನಗೆ ಕಣ್ಣು ತುಂಬಿತ್ತು.

ಅದೇ ಪಾದ್ರಿ ಕಾರಿನಿಂದ ಇಳಿದು ಈರಣ್ಣನನ್ನು ಅಪ್ಪಿಕೊಂಡರು. ಅಪ್ಪುಗೆ ಸ್ವಲ್ಪ ಉದ್ದವಾಯಿತು. ಮೂಗು ಅವನ ಬಾಯಿಯ ಹತ್ತಿರವೇ ನಿಂತಿತ್ತು. ಆಮೇಲೆ ನನ್ನ ಕಡೆ ತಿರುಗಿ ತಲೆ ಅಲ್ಲಾಡಿಸಿದರು: ವಾಸನೆ ಇಲ್ಲ. (ನನಗೂ ಸಮಾಧಾನವಾಯಿತು. ಸುಳ್ಳೇಕೆ ಹೇಳಲಿ?)

ಒಳಗೆ ಹೋದರೆ ನಮ್ಮ ದೊಡ್ಡಪ್ಪನ ತೀರ್ಪು ಸಿದ್ಧವಾಗಿತ್ತು.

“ಈರ್ಯಾ, ನೀ ಹಿತ್ತಲದಾಗ ಅಡಗಿ ನೋಡ್ಕೋ. ಬೀಗರಿಗೆ ಎಲಿ-ಅಡಿಕಿ ನಾ ಕೊಡ್ತೇನಿ. ಸಂಬಂಧ ಮುರದ್ರ ಯಾರ ಜವಾಬ್ದಾರಿ?”

ಮಗಳ ಕಾರ್ಯ, ಹೆತ್ತ ತಂದೆ ಹಿತ್ತಲಲ್ಲಿ! ಆದರೂ ನಾವ್ಯಾರೂ ತುಟಿ ಬಿಚ್ಚಲಿಲ್ಲ. ಈರಣ್ಣ ಹಿತ್ತಲ ಕಡೆ ಹೊರಟ.

ಸವಿತಾ ತಡೆದಳು. “ಅಪ್ಪಾ ಕುಂದರಲಿಲ್ಲಂದ್ರ ನಾನೂ ಕುಂದರಂಗಿಲ್ಲ.”

ಅಷ್ಟರಲ್ಲಿ ಬೀಗರು ಬಂದೇಬಿಟ್ಟರು. ಈರಣ್ಣ ಒಮ್ಮೆ ಮಗಳ ಮುಖ ನೋಡಿದ. ನೇರ ಹೋಗಿ ವರನ ತಂದೆಯ ಮುಂದೆ ನಿಂತ. ಕೈಮುಗಿದು, ಬಾಯಿ ಅಗಲಿಸಿ, “ಹಾ...” ಎಂದು ಉಸಿರು ಬಿಟ್ಟ.

ಅವರು ಹಿಂದೆ ಸರಿದರು. “ಏನ್ರಿ ಇದು?”

“ತಪ್ಪ ತಿಳಕೋಬ್ಯಾಡ್ರಿ. ನಮ್ಮ ಮನ್ಯಾಗ ನಾ ಎಲ್ಲಾರಿಗೂ ಮೊದಲ ಹಿಂಗ ನಮಸ್ಕಾರ ಮಾಡ್ಬೇಕ್ರಿ. ಕುಡೀತಿದ್ದೆ, ಬಿಟ್ಟೇನಿ.”

ದೊಡ್ಡಪ್ಪ ಗೋಡೆ ನೋಡಿದರು. ಪಾದ್ರಿ ತಮ್ಮ ಕಾಲ ಬೆರಳು ನೋಡಿಕೊಂಡರು. ನನಗಂತೂ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ವರನ ತಂದೆ ಮತ್ತೆ ಮುಂದೆ ಬಂದು ಈರಣ್ಣನ ಕೈ ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡರು. “ಎಲಿ-ಅಡಿಕಿ ನೀವ ಕೊಡ್ರಿ” ಎಂದರು.

ಗ್ರೀಕ್ ಬಾರದ ಆ ಮನುಷ್ಯ ಒಮ್ಮೆಯೂ ಮೂಸಲಿಲ್ಲ.

ಈರಣ್ಣ ಹೊಸ ಮನುಷ್ಯನಾಗಿ ವರ್ಷವಾಯಿತು. ನಾವು ಆಗುವುದು ಯಾವಾಗ?