ಸುರಗಿ ನೀರಿನ ಹೊತ್ತಿಗೆ ಆದ ಸದ್ದು

ಈರಣ್ಣ, ಕಂಪ್ಲಿಯ ಆ ಮದುವೆ ಮನೆಯಲ್ಲಿ ನೀನು ಫೋಟೋ ತೆಗೆದಿರಲಿಲ್ಲ. ನಿನ್ನ ಬೆರಳು ತಪ್ಪಿ ತಾಕಿದ್ದೂ ಅಲ್ಲ. ಅದು ನನಗೆ ಆ ಕ್ಷಣವೇ ಗೊತ್ತಿತ್ತು — ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಸದ್ದು ಮಾಡಿದ್ದು ನನ್ನ ಕ್ಯಾಮೆರಾ. ನಿನ್ನದು ರಿಪೇರಿಗೆ ಹೋಗಿತ್ತೆಂದು ಆ ಬೆಳಗ್ಗೆ ನಾನೇ ಅದನ್ನು ನಿನ್ನ ಕೈಗಿಟ್ಟು, ವಿಡಿಯೋ ನಾನು ಹಿಡಿದಿದ್ದೆ. ಅದಕ್ಕೆ ಕೆಲವು ದಿನ ಮುಂಚೆ ಸಂಡೂರಿನ ಒಂದು ಮದುವೆಯಲ್ಲಿ ಲೆನ್ಸ್ ಬದಲಿಸುವಾಗ ಗಣಿಯ ಕೆಂಪು ಧೂಳು ಒಳಗೆ ಹೋಗಿ, ಮದುಮಗನ ಬಿಳಿ ಅಂಗಿಯ ತುಂಬ ಚುಕ್ಕೆ ಬಿದ್ದು ನನ್ನ ಮಾನ ಹರಾಜಾಗಿತ್ತು. ಆಮೇಲೆ ಮೆನುವಿನಲ್ಲಿ ತಡಕಾಡಿ ಒಂದು ಸೆಟ್ಟಿಂಗ್ ಹಾಕಿದ್ದೆ — ಆಫ್ ಮಾಡಿದ ಕೂಡಲೇ ಒಳಗಿನ ಶಟರ್ ತಾನಾಗಿ ಮುಚ್ಚಿಕೊಂಡು ಧೂಳು ತಡೆಯುವ ಹಾಗೆ. ಮುಚ್ಚುವಾಗ ಥೇಟ್ ಫೋಟೋ ತೆಗೆದಂತೆಯೇ ‘ಕಟಕ್’ ಎನ್ನುತ್ತದೆ. ಮೊದಲ ಸಲ ನಾನೇ ಬೆಚ್ಚಿದ್ದೆ. ನಿನಗೆ ಹೇಳಬೇಕಿತ್ತು, ಹೊಸಪೇಟೆ ಬಸ್‌ಸ್ಟ್ಯಾಂಡಿನ ಗಡಿಬಿಡಿಯಲ್ಲಿ ಮರೆತೆ. ಮರೆವು ಅಂದರೆ ಅಷ್ಟೇ. ಮುಂದಿನದು ಮರೆವಲ್ಲ.

ಅಂಗಳದಲ್ಲಿ ಸುರಗಿ ನಡೆದಿತ್ತು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ದಾರ ಸುತ್ತಿ, ನಡುವೆ ಮದುಮಗಳನ್ನು ಕೂರಿಸಿದ್ದರು. ದಾರ ಸುತ್ತುವುದು, ಅರಿಶಿನ ಹಚ್ಚುವುದು — ಅಷ್ಟು ತೆಗೆದು, ನೀರು ಎರೆಯುವ ಹೊತ್ತಿಗೆ ಫೋಟೋದವರು ಹಿಂದೆ ಸರಿಯಬೇಕು. ಅದು ನಮ್ಮ ಕಡೆಯ ರೀತಿ, ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಹುಡುಗಿಯ ಸೋದರತ್ತೆ ಹೇಳಿದಳು: “ಸಾಕ್ರಿ ಇನ್ನ, ಬಂದ್ ಮಾಡ್ರಿ. ಹೆಣ್ಮಕ್ಕಳು ತೊಯ್ತಾರ.”

“ಆತ್ರೆವ್ವಾ, ಬಂದ್ ಮಾಡೀನಿ, ನೋಡ್ರಿ ಬೇಕಾರ” ಎಂದು ನೀನು ಕ್ಯಾಮೆರಾ ಎತ್ತಿ ತೋರಿಸುತ್ತಲೇ ಆಫ್ ಮಾಡಿದೆ. ಕಟಕ್!

ಮೊದಲ ತಂಬಿಗೆ ನೀರು ಆಗಲೇ ಸುರಿದಾಗಿತ್ತು. ಹೆಂಗಸರೆಲ್ಲ ಸೆರಗು ಎಳೆದುಕೊಂಡರು. ಮದುಮಗಳು ಮುಖ ಮುಚ್ಚಿಕೊಂಡು ಅತ್ತಳು.

“ಬಂದ್ ಮಾಡೀನಿ ಅಂತ ಹೇಳಿ ತೆಗಿತೀಯಲ್ಲೋ, ನಿಮ್ಮನ್ಯಾಗ ಅಕ್ಕ ತಂಗೇರು ಇಲ್ಲೇನು?” ಎಂದು ಸೋದರತ್ತೆ ಚೀರಿದಳು.

ಮದುಮಗಳ ಸೋದರಮಾವ ಕ್ಯಾಮೆರಾ ಕಿತ್ತುಕೊಂಡು ನನ್ನ ಕೈಗೆ ಕೊಟ್ಟ. ಆನ್ ಮಾಡಿ ತೋರಿಸಿದೆ. ಅಂಥ ಫೋಟೋ ಇರಲಿಲ್ಲ. “ಅಳಿಸ್ಯಾನ ಬಿಡ್ರಿ” ಎಂದ ಅವನು. ನೀನು ನನ್ನ ಕಡೆ ತಿರುಗಿದೆ. “ನೀನರ ಹೇಳಲೇ, ನಿನ್ನ ಕ್ಯಾಮೆರಾ ಅಲ್ಲೇನು?”

ಒಮ್ಮೆ ಆಫ್ ಮಾಡಿ ಸದ್ದು ಕೇಳಿಸಿದ್ದರೆ ಮುಗಿದುಹೋಗುತ್ತಿತ್ತು. ನಾನು — “ನಾ ಆ ಕಡಿ ಇದ್ನಿರಿ, ನೋಡಿಲ್ಲ” ಎಂದೆ.

ಅಷ್ಟೇ ಅಲ್ಲ. ಕ್ಯಾಮೆರಾವನ್ನು ಆಫ್ ಮಾಡದೆ, ಹಾಗೇ ಚೀಲಕ್ಕೆ ಹಾಕಿದೆ. ಮತ್ತೆ ಸದ್ದಾದೀತಲ್ಲ ಎಂದು. ಬಾಯಿ ಸುಳ್ಳಾಡಿದ್ದು ಹೆದರಿಕೆಯಿಂದ ಎಂದಾದರೂ ಹೇಳಿಕೊಳ್ಳಬಹುದಿತ್ತು. ಕೈ ಅಷ್ಟು ಹುಷಾರಾಗಿ ಕೆಲಸ ಮಾಡಿದ್ದಕ್ಕೆ ಏನು ಹೇಳಲಿ?

ಹೊಟ್ಟೆಕಿಚ್ಚು, ಈರಣ್ಣ. ಕಮಲಾಪುರದಿಂದ ಕಂಪ್ಲಿವರೆಗೆ ಎಲ್ಲಿ ಮದುವೆ ಒಪ್ಪಿಕೊಂಡರೂ ಮೊದಲ ಪ್ರಶ್ನೆ, “ಆ ನಗಸೋ ಹುಡುಗ ಬರ್ತಾನಲ್ರಿ?” ಹಲ್ಲಿಲ್ಲದ ಮುದುಕಿಯರೂ ನಿನ್ನ ಮುಂದೆ ಬಾಯ್ತುಂಬ ನಗುತ್ತಿದ್ದರು. ನನ್ನ ಮುಂದೆ ಬಂದರೆ ಆಧಾರ್ ಕಾರ್ಡಿಗೆ ನಿಂತವರ ಮುಖ. ಅಂಗಳದಲ್ಲಿ ಎಲ್ಲರೂ ನಿನ್ನನ್ನು ಬೈಯುವಾಗ ನನ್ನೊಳಗೆ ಎಲ್ಲೋ ತಣ್ಣಗಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆ.

ವಾಪಸು ಬರುವಾಗ ಬಸ್ಸಿನಲ್ಲಿ ನೀನೇ ಹೇಳಿದೆ: “ನಂದ ಬಟ್ಟು ತಾಕಿರಬೇಕಲೇ, ಬಂದ್ ಆಗೂ ಹೊತ್ತಿಗೆ ಫೋಟೋ ಉಳಿದಿಲ್ಲ ಅಷ್ಟ. ಪಾಪ, ಆ ಹುಡುಗಿ ಭಾಳ ಅತ್ಲು.” ನಾನು ಕಿಟಕಿಯ ಆಚೆ ಬಾಳೆತೋಟ ನೋಡುತ್ತ ಕೂತೆ. ಸುದ್ದಿ ನಮಗಿಂತ ಮೊದಲೇ ಊರು ಮುಟ್ಟಿತ್ತು. ಹೆಣ್ಣುಮಕ್ಕಳಿರುವ ಮನೆಗೆ ನಿನ್ನನ್ನು ಕರೆಯುವುದು ನಿಂತಿತು. ನೀನು ಕ್ಯಾಮೆರಾ ಮಾರಿ ತೋರಣಗಲ್ಲಿನ ಕಾರ್ಖಾನೆಗೆ ಶಿಫ್ಟಿನ ಕೆಲಸಕ್ಕೆ ಸೇರಿದೆ. ನಿನ್ನ ಮದುವೆಗಳೆಲ್ಲ ನನ್ನ ಪಾಲಿಗೆ ಬಂದವು.

ಮೊನ್ನೆ ನೀನು ಫೋನ್ ಮಾಡಿದೆ. ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ, ಫೋಟೋಕ್ಕೆ ಬಾ ಎಂದೆ. ನೀನೇ ತೆಗೆಯಬಾರದೇನೋ ಎಂದು ನಾನು ಕೇಳಿದರೆ ನೀನು ನಕ್ಕೆ. “ಬ್ಯಾಡಪ. ಹೆಣ್ಮಕ್ಕಳು ತುಂಬಿದ ಮನಿ, ನನ್ನ ಕೈ ನಂಬಾಂಗಿಲ್ಲ. ನಿನ್ನಂಥಾವ್ರ ಬೇಕು.”

ಇಷ್ಟು ವರ್ಷ ನಿನ್ನ ಕೈಯನ್ನು ನೀನೇ ನಂಬದೆ ಬದುಕಿದ್ದೀಯಲ್ಲ ಮಾರಾಯ… ಆ ಮಾತು ಕೇಳಿದ ಮೇಲೆಯೇ ಇದನ್ನು ಬರೆಯಲು ಕೂತೆ.

ಬರುತ್ತೇನೆ. ಬರುವ ಮುಂಚೆ ಕಂಪ್ಲಿಗೆ ಹೋಗಿ ಆ ಸೋದರತ್ತೆಯ ಮುಂದೆ ಎಲ್ಲ ಹೇಳುತ್ತೇನೆ. ಆಮೇಲೆ ನಿನ್ನ ಹೊಸಿಲ ಹೊರಗೇ ನಿಂತು, ನಿನ್ನ ಹೆಂಡತಿಗೂ ಕೇಳುವ ಹಾಗೆ ಹೇಳುತ್ತೇನೆ. ಒಳಗೆ ಕರೆಯುವುದು ಬಿಡುವುದು ನಿನಗೆ ಬಿಟ್ಟದ್ದು. ಕರೆಯದಿದ್ದರೆ ನನ್ನ ಕ್ಯಾಮೆರಾ ನಿನ್ನ ಕೈಗೆ ಕೊಟ್ಟು ಹೊರಟುಬಿಡುತ್ತೇನೆ. ನಿನ್ನ ಮಗಳ ಫೋಟೋ ನೀನೇ ತೆಗೆ.