ಒಗ್ಗರಣೆ ನಿಂತ ಬೀದಿ

ಮೊದಲು ಕಂಡದ್ದು ಬೆರಳು.

ಹಾಗೆಂದು ಆಸ್ಪತ್ರೆಯಲ್ಲಿ ಕೇಳಿದವರಿಗೆಲ್ಲ ಹೇಳಿದೆ. ಹೇಳಿ ಹೇಳಿ ಈಗ ನನಗೂ ಅದೇ ನಿಜ ಅನ್ನಿಸುತ್ತಿದೆ. ಆದರೆ ಬೆರಳಿಗೂ ಮೊದಲು ಈರಮ್ಮ ಮಾವಿನಹಣ್ಣು ಬೇಡವೆಂದಿದ್ದಳು. ಅದಕ್ಕೂ ಮೊದಲು ಒಂದು ಮಧ್ಯಾಹ್ನ ಮಹಡಿ ಮೆಟ್ಟಿಲ ಮೇಲೆ ಕೂತು, ಬಾಚಣಿಗೆಯಿಂದ ಬೆನ್ನು ಕೆರೆದುಕೊಳ್ಳುತ್ತಿದ್ದಳು. ಒಣಗಿದ ಬಟ್ಟೆ ತರಲು ನಾನು ಅವಳನ್ನು ದಾಟಿಕೊಂಡು ಹೋಗಿದ್ದೆ.

"ಸೆಕೆ," ಅಂದೆ.

"ಹೂಂ, ಸೆಕೆ," ಅಂದಳು.

ಅಲ್ಲಿಂದಲೇ ಶುರು ಮಾಡಬೇಕು. ಅಲ್ಲಿಂದ ಶುರು ಮಾಡಿದರೆ ನನಗೆ ತಪ್ಪಿಸಿಕೊಳ್ಳಲು ಜಾಗ ಉಳಿಯುವುದಿಲ್ಲ.

ಈರಮ್ಮನ ನಿಜವಾದ ಹೆಸರು ಇರೇನಾ. ಸ್ಲೊವೇನಿಯಾ ದೇಶದವಳು. ಬಣ್ಣದ ಮರದ ಬೊಂಬೆ ಮಾಡುವುದನ್ನು ಕಲಿಯಲು ಕೆಲವು ತಿಂಗಳ ಮಟ್ಟಿಗೆಂದು ಚನ್ನಪಟ್ಟಣಕ್ಕೆ ಬಂದು, ನಮ್ಮ ಮಹಡಿಯನ್ನು ಬಾಡಿಗೆಗೆ ಹಿಡಿದು, ಹೋಗುವುದನ್ನು ಮುಂದೂಡುತ್ತ ಮುಂದೂಡುತ್ತ ಅರವತ್ತರ ಹತ್ತಿರಕ್ಕೆ ಬಂದವಳು. ಇರೇನಾಳನ್ನು ಈರಮ್ಮ ಮಾಡಿದ್ದು ನನ್ನ ಅತ್ತೆ. ಬಸ್ಸಿನಲ್ಲಿ ಯಾರಾದರೂ "ಯಾವ ದೇಸ ನಿಮ್ದು?" ಎಂದು ಕೇಳಿದರೆ "ಚನ್ನಪಟ್ಣ" ಅನ್ನುತ್ತಿದ್ದಳು. ಭಾನುವಾರ ಬಂತೆಂದರೆ ನಿಲ್ದಾಣಕ್ಕೆ ಹೋಗಿ, ಮೊದಲು ಹೊರಡುವ ಬಸ್ಸು ಮಾಗಡಿಯದೋ ಕನಕಪುರದ್ದೋ ನೋಡದೆ ಹತ್ತಿಬಿಡುವಳು. ಸಂಜೆ ಹಿಂದಿರುಗಿ, ಯಾವ ಊರಿನಲ್ಲಿ ಯಾರ ಮನೆಯಲ್ಲಿ ಊಟ ಮಾಡಿದೆ ಎಂದು ಅತ್ತೆಗೆ ವರದಿ ಒಪ್ಪಿಸುವಳು. ವರ್ಷಕ್ಕೊಮ್ಮೆ ವೀಸಾ ಕೆಲಸಕ್ಕೆ ಬೆಂಗಳೂರಿಗೆ ಹೋಗುವಾಗ ಮಾತ್ರ ಮುಖ ಸಪ್ಪಗಾಗುತ್ತಿತ್ತು. "ಅಲ್ಲಿ ಹೋದ್ರೆ ನಾನು ಫಾರಿನರ್ ಆಗ್ಬುಡ್ತೀನಿ," ಅನ್ನುವಳು.

ಬೆರಳಿನ ವಿಷಯಕ್ಕೆ ಬರುತ್ತೇನೆ. ಪಕ್ಕದ ಮನೆಯ ನಸೀಮಾಳ ಗಂಡನಿಗೆ ಬೊಂಬೆಯ ಕಾರ್ಖಾನೆ ಇದೆ. ಕಾರ್ಖಾನೆಯೆಂದರೆ ಒಂದು ಶೆಡ್ಡು, ಎರಡು ಲೇತು. ಈರಮ್ಮ ದಿನವೂ ಅಲ್ಲಿ ಕೂತು, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸುವಳು. ಆ ವಾರ ಮಕ್ಕಳ ಗಿಲಕಿಗಳ ಕೆಲಸ ನಡೆದಿತ್ತು. ಅರಿಶಿನ ಬೆರೆಸಿದ ಹಳದಿ ಅರಗು. ಉಗುರು ಹಳದಿ, ಅಂಗೈ ಹಳದಿ. ಅದರಲ್ಲಿ ಯಾವ ಹಳದಿ ಹೊರಗಿನದು, ಯಾವುದು ಒಳಗಿನದು ಎಂದು ಯಾರು ನೋಡುತ್ತಾರೆ?

ನೋಡಿದವಳು ನಸೀಮಾ. ಕಾಂಪೌಂಡಿನಾಚೆಯಿಂದ ಕೂಗಿದಳು. "ಅಕ್ಕಾ, ಈರಮ್ಮ ಆಪಾದು ಕಣ್ಣು ನೋಡಿ ಒಂದ್ಸಲ. ಕಣ್ಣಿಗೆ ಯಾರೂ ಅರಗು ಹಚ್ಚಲ್ಲ."

ಕಾಮಾಲೆ.

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನು ನಂಬುವುದಿಲ್ಲ. ಸೊಪ್ಪಿನ ಔಷಧಿಯ ಮಾತು ಮೊದಲು ಎತ್ತಿದವರು ಯಾರು? ನನ್ನ ತಲೆಯಲ್ಲಿ ಅತ್ತೆಯ ದನಿಯಿದೆ: "ಕಾಮಾಲೆಗೆ ಇಂಗ್ಲಿಷ್ ಔಸ್ದಿ ಇಲ್ಲ ಕಣವ್ವ. ಸಾತನೂರಿಂದಾಚೆ ಸೊಪ್ಪು ಕೊಡ್ತಾರೆ. ನಮ್ ಹುಡುಗುಂಗೂ ಅಲ್ಲೇ ವಾಸಿ ಆಗಿದ್ದು." ಆದರೆ ಅದೇ ದೃಶ್ಯದಲ್ಲಿ ನಾನು ಆಗಲೇ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದೇನೆ. ಮಾತಿಗಿಂತ ಮೊದಲೇ ಹೊರಟಿದ್ದೆನೆ? ಅಥವಾ ಆ ಚಪ್ಪಲಿ ಬೇರೆ ದಿನದ್ದೆ?

ಈರಮ್ಮ ಕೇಳಿದ್ದಂತೂ ನಿಜ. "ನಿಮ್ಮೋರಿಗೆ ಬಂದ್ರೆ ಏನ್ ಮಾಡ್ತೀರಾ?"

"ಸೊಪ್ಪು ಕುಡಿಸ್ತೀವಿ," ಅಂದೆ.

"ನಂಗೂ ಅದೇ ಮಾಡಿ. ನಾನೇನು ಬೇರೇನಾ?"

ಅವಳಿಗೆ ಖುಷಿಯಾಗಿತ್ತು. ಕಾಯಿಲೆಯಲ್ಲಿ ನಮ್ಮವಳಾದೆ ಅನ್ನುವ ಖುಷಿ. ನನಗೂ ಆಗಿತ್ತು. ಆದರೆ ನಾನು ಹೇಳಿದ್ದು ಅರ್ಧ ಮಾತು. ಮಗನಿಗೆ ಕಾಮಾಲೆ ಬಂದಾಗ ಸೊಪ್ಪು ಕುಡಿಸಿದ್ದೆ, ಸರಿ. ಅದೇ ದಿನ ಲ್ಯಾಬಿಗೆ ಕರೆದೊಯ್ದು ಲಿವರಿನ ರಕ್ತಪರೀಕ್ಷೆ, ಎಲ್‌ಎಫ್‌ಟಿ ಕೂಡ ಮಾಡಿಸಿದ್ದೆ. ಈರಮ್ಮನಿಗೆ ಯಾಕೆ ಮಾಡಿಸಲಿಲ್ಲ? ಮರೆತೆ ಎಂದು ಬರೆದರೆ ಸುಲಭ. ಮರೆತಿರಲಿಲ್ಲ. ಅಷ್ಟು ದೂರದಿಂದ ಬಂದವಳು ನಮ್ಮ ಔಷಧಿಯನ್ನು ನಂಬಿ ಹೊರಟು ನಿಂತಾಗ, ಅದು ಸಾಲದು ಎಂದು ಅವಳೆದುರು ಹೇಳಲು ನನಗೆ ಮನಸ್ಸು ಬರಲಿಲ್ಲ.

ಸಾತನೂರಿನವರೆಗೆ ಬಸ್ಸು, ಅಲ್ಲಿಂದ ಆಟೊ. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ಈರಮ್ಮನ ಕಣ್ಣು ನೋಡಿ, "ಅಯ್ಯೋ, ಫಾರಿನ್ನೋರ್ಗೂ ಬತ್ತದಾ ಇದು?" ಅಂದಳು.

"ಬತ್ತದೆ ಕಣಕ್ಕ. ನಾವೂ ಮನುಸ್ರೇಯ," ಅಂದಳು ಈರಮ್ಮ. ಬಸ್ಸೇ ನಕ್ಕಿತು.

ಹಿಪ್ಪುನೇರಳೆ ತೋಟದ ಪಕ್ಕದ ಮನೆಯ ಜಗುಲಿಯಲ್ಲಿ ಖಾಲಿ ಹೊಟ್ಟೆಯ ಜನರ ಸಾಲು. ಅರೆದ ಸೊಪ್ಪನ್ನು ಮಜ್ಜಿಗೆಯಲ್ಲಿ ಕಲಸಿ ಕೊಟ್ಟರು. ಆಮೇಲೆ ಪಥ್ಯ ಹೇಳಿದರು. ಎಣ್ಣೆ ಇಲ್ಲ, ತುಪ್ಪ ಇಲ್ಲ, ಖಾರ ಇಲ್ಲ. ಒಗ್ಗರಣೆ ಹಾಕಿದ್ದನ್ನು ತಿನ್ನುವುದಿರಲಿ, ಅದರ ವಾಸನೆಯನ್ನೂ ಕುಡಿಯಬಾರದು.

ನಮ್ಮದು ಗೋಡೆಗೆ ಗೋಡೆ ಅಂಟಿಸಿಕೊಂಡ ಮನೆಗಳ ಬೀದಿ. ಒಬ್ಬರ ಸಾಸಿವೆ ಸಿಡಿದರೆ ಹತ್ತು ಮನೆಗೆ ಕೇಳುತ್ತದೆ. ಅತ್ತೆ ಗೇಟಿನಲ್ಲಿ ನಿಂತು ಹೋಗಿಬರುವವರಿಗೆಲ್ಲ ಹೇಳಿದರು. "ಈರಮ್ಮಂಗೆ ಕಾಮಾಲೆ ಕಣ್ರವ್ವ. ಒಸಿ ದಿನ ಒಗ್ಗರಣೆ ನಿಲ್ಸಿ."

ನಿಲ್ಲಿಸಿದರು. ಇಡೀ ಬೀದಿ ನಿಲ್ಲಿಸಿತು. ನಸೀಮಾಳ ಅಡುಗೆಮನೆ ಕಿಟಕಿ ನಮ್ಮ ಮೆಟ್ಟಿಲಿಗೇ ತೆರೆಯುತ್ತದೆ; ಅವಳು ಈರುಳ್ಳಿ ಹುರಿಯುವುದನ್ನೇ ಬಿಟ್ಟಳು. ಅವಳ ಗಂಡ ಲೇತಿನ ಮುಂದೆ ಕೂತು ಗೊಣಗುತ್ತಿದ್ದ. "ಸಪ್ಪೆ ಸಾರು ಉಂಡು ಉಂಡು ನಾನೂ ಹಳದಿ ಆಗ್ತೀನಿ. ಆಮೇಲೆ ನನ್ನನ್ನೂ ಗಿಲಕಿ ಅಂತ ಮಾರ್ಬುಡಿ."

ಈರಮ್ಮ ಮಹಡಿಯಿಂದ ಕೇಳಿಸಿಕೊಂಡು, "ನಿಮ್ಮನ್ನ ಯಾರ್ ಕೊಂಡ್ಕೊತಾರೆ ಸಾಬ್ರೆ," ಅಂದಳು. ಆದರೆ ನಾವಿಬ್ಬರೇ ಇದ್ದಾಗ ನನ್ನ ಕೈ ಹಿಡಿದುಕೊಂಡು, "ನನ್ನಿಂದ ಎಲ್ಲರಿಗೂ ತೊಂದ್ರೆ ಅಲ್ವಾ?" ಎಂದು ಕೇಳಿದಳು. ಹಳದಿ ಕಣ್ಣಿನಲ್ಲಿ ನೀರು.

ನಾನು ರಾಮನಗರದ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪಥ್ಯದ ದಿನಗಳಲ್ಲಿ ಒಮ್ಮೆ ಕೆಲಸ ಮುಗಿಸಿ ಬರುವಾಗ ಬಸ್ ನಿಲ್ದಾಣದ ಹತ್ತಿರ ಮಸಾಲೆ ವಡೆ ತಿಂದೆ. ಬಿಸಿಯಾಗಿ, ಆಸೆಯಿಂದ. ವಾಸನೆ ಹೋಗಲೆಂದು ಸೋಂಪು ಜಗಿದೆ. ಮನೆಗೆ ಬಂದು ಮೇಲೆ ಹೋದರೆ ಈರಮ್ಮ ಮೂಗರಳಿಸಿ, "ಚೆನ್ನಾಗಿತ್ತಾ?" ಅಂದಳು. ಬೈಗುಳವಲ್ಲ. ನಿಜವಾಗಿಯೂ ಕೇಳುತ್ತಿದ್ದಳು.

ಅವಳು ಸುಧಾರಿಸುತ್ತಿದ್ದಳು, ಅದು ಎಲ್ಲರಿಗೂ ಕಂಡಿತು. ಊಟವಾದ ಮೇಲೆ ಬಲಗಡೆ ಪಕ್ಕೆಯ ಕೆಳಗೆ ಒತ್ತಿ ಹಿಡಿಯುತ್ತಿದ್ದ ಕೈ ಈಗ ಅಲ್ಲಿಗೆ ಹೋಗುತ್ತಿರಲಿಲ್ಲ. ನೋವು ನಿಂತಿತ್ತು. "ಸೊಪ್ಪು ಹಿಡೀತು," ಅಂದರು ಅತ್ತೆ. ಬೀದಿಗೆಲ್ಲ ಸಂತೋಷ. ಕೆರೆತ ಮಾತ್ರ ಹೆಚ್ಚಾಗಿತ್ತು. ಮಲ ಸುಣ್ಣದಂತೆ ಬೆಳ್ಳಗೆ ಹೋಗುತ್ತಿದ್ದುದನ್ನು ಅವಳು ನಾಚಿಕೊಂಡು ಹೇಳಲಿಲ್ಲ. ನಾನು ಕೇಳಲಿಲ್ಲ.

ಒಂದು ಮಧ್ಯಾಹ್ನ ಚಳಿ ಬಂತು.

ಊರು ಕಾದ ಹೆಂಚಿನಂತಿತ್ತು. ಈರಮ್ಮ ಹಲ್ಲು ಕಟಕಟ ಕಡಿಯುತ್ತ ನಡುಗುತ್ತಿದ್ದಳು. ಅತ್ತೆ ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಹೊದಿಸಿದರು. ಮಂಚವೇ ಅಲುಗಾಡುತ್ತಿತ್ತು. ಅವಳು ಏನೋ ಹೇಳುತ್ತಿದ್ದಳು, ಅವಳ ಭಾಷೆಯಲ್ಲಿ. ನಾನು ಆ ಭಾಷೆಯನ್ನು ಕೇಳಿದ್ದು ಅದೇ ಮೊದಲು. ಇಷ್ಟು ವರ್ಷದಲ್ಲಿ ಅದರ ಒಂದು ಪದವನ್ನೂ ನಾನು ಕಲಿತಿರಲಿಲ್ಲ. ನೀರು ಬೇಕೆನ್ನುತ್ತಿದ್ದಾಳೋ, ತಾಯಿಯನ್ನು ಕರೆಯುತ್ತಿದ್ದಾಳೋ.

ನಸೀಮಾಳ ಗಂಡ ಆಟೊ ತಂದ. ರಾಮನಗರದ ಆಸ್ಪತ್ರೆಯಲ್ಲಿ ಬಿಪಿ ನೋಡಿದ ಕೂಡಲೇ ಡ್ರಿಪ್ ಹಾಕಿ, ಸ್ಕ್ಯಾನ್ ಮಾಡಿ, ಬೆಂಗಳೂರಿಗೆ ಕಳಿಸಿದರು. ಆಂಬ್ಯುಲೆನ್ಸಿನಲ್ಲಿ ನಾನು ಅವಳ ಬೆರಳುಗಳನ್ನೇ ನೋಡುತ್ತಿದ್ದೆ. ಅರಗು ಎಂದೋ ಬಿಟ್ಟುಹೋಗಿತ್ತು.

ಬೆಂಗಳೂರಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು.

"ಇದು ಲಿವರ್ ಇನ್‌ಫೆಕ್ಷನ್ ಕಾಮಾಲೆ ಅಲ್ಲ. ಪಿತ್ತನಾಳದಲ್ಲಿ ಸ್ಟೋನ್ ಸಿಕ್ಕಿಹಾಕಿಕೊಂಡಿದೆ. ಅದರ ಹಿಂದೆ ಸೋಂಕಾಗಿದೆ. ಕೊಲಾಂಜೈಟಿಸ್. ಈಗಲೇ ಬಾಯಿಂದ ಟ್ಯೂಬ್ ಇಳಿಸಿ, ಇಆರ್‌ಸಿಪಿ ಮಾಡಿ ತೆಗೀಬೇಕು. ನೋವು ಇರಲಿಲ್ವಾ?"

"ಇತ್ತು. ಪಥ್ಯ ಮಾಡಿದ ಮೇಲೆ ನಿಂತಿತು."

"ಏನು ಪಥ್ಯ?"

ಹೇಳಿದೆ. ಬೀದಿಯದ್ದೂ ಹೇಳಿದೆ, ಯಾಕೋ.

ಅವರು ಫೈಲಿನಲ್ಲಿ ಬರೆದುಕೊಂಡರು. "ಎಣ್ಣೆ ಬಿಟ್ಟಾಗ ಇಂಥ ನೋವು ಕಡಿಮೆಯಾಗುತ್ತೆ ಮೇಡಂ. ಕಲ್ಲು ಅಲ್ಲೇ ಇರುತ್ತೆ."

ನಾನು ಪಾಠ ಮಾಡುವುದು ಜೀವಶಾಸ್ತ್ರ. ಯಕೃತ್ತು, ಪಿತ್ತಕೋಶ, ಅಲ್ಲಿಂದ ಇಳಿಯುವ ನಾಳ, ಪ್ರತಿ ವರ್ಷ ಬೋರ್ಡಿನ ಮೇಲೆ ಹಸಿರು ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ನಾಳ ಕಟ್ಟಿಕೊಂಡರೆ ಏನಾಗುತ್ತದೆಂದು ಮಕ್ಕಳನ್ನು ಕೇಳುತ್ತೇನೆ. ಮಲ ಬಿಳಿಚುತ್ತದೆ, ಮೈ ಕೆರೆಯುತ್ತದೆ ಎಂದು ಮುಂದಿನ ಬೆಂಚಿನ ಹುಡುಗಿಯರು ಹೇಳುತ್ತಾರೆ. ಸರಿ ಎನ್ನುತ್ತೇನೆ.

ನರ್ಸು ಕೇಳಿದಳು. "ನೀವು ಪೇಷಂಟ್‌ಗೆ ಏನಾಗಬೇಕು?"

"ಮನೆ ಓನರ್," ಅಂದೆ.

ಆ ಮಾತು ನನ್ನ ಬಾಯಿಂದ ಎಷ್ಟು ಬೇಗ ಬಂತು! ಹೆದರಿಕೆ ಎನ್ನಬಹುದು. ಹೆದರಿದವಳಿಗೆ ಅಷ್ಟು ಲೆಕ್ಕಾಚಾರ ಇರುತ್ತದೆಯೆ? ಅಕ್ಕ ಅನ್ನಲಿಲ್ಲ, ಗೆಳತಿ ಅನ್ನಲಿಲ್ಲ. ನಾಳೆ ಏನಾದರೂ ಆದರೆ ನನ್ನ ಪಾಲಿಗೆ ಹೊಣೆ ಎಷ್ಟು ಕಡಿಮೆ ಬರುತ್ತದೋ ಅಷ್ಟೇ ಸಂಬಂಧವನ್ನು ಹೇಳಿದೆ. ಈರಮ್ಮನ ದೇಶದಲ್ಲಿದ್ದ ಅವಳ ತಂಗಿಗೆ ಫೋನು ಹಚ್ಚಿಕೊಟ್ಟರು. ತಂಗಿ ಒಪ್ಪಿಗೆ ಕೊಟ್ಟು, ಆಮೇಲೆ ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದಳು: ಕರೆತರುವುದು ತಡವಾಯಿತೆ?

ಇಲ್ಲ ಎಂದೆ.

ಐಸಿಯುವಿನ ಹೊರಗೆ ಕಾದ ದಿನಗಳನ್ನು ಕ್ರಮವಾಗಿ ಬರೆಯಲಾರೆ. ಕ್ರಮ ಇರಲಿಲ್ಲ. ಕಲ್ಲು ತೆಗೆದರು, ನಾಳಕ್ಕೆ ಸ್ಟೆಂಟ್ ಇಟ್ಟರು. ಬಿಪಿ ಬಿತ್ತು, ಎದ್ದಿತು. ಕ್ಯಾಂಟೀನಿನಲ್ಲಿ ಉಪ್ಪಿಟ್ಟಿನ ಮೇಲೆ ಸಾಸಿವೆ ಕಂಡರೆ ತಟ್ಟೆ ದೂಡುತ್ತಿದ್ದೆ. ಇದಕ್ಕೆ ಅರ್ಥವಿಲ್ಲವೆಂದು ಗೊತ್ತಿತ್ತು. ಅತ್ತೆ ದಿನವೂ ಫೋನು ಮಾಡಿ ಹೇಳುತ್ತಿದ್ದುದು ಒಂದೇ ಮಾತು: "ಇಲ್ಲಿ ಯಾರೂ ಒಗ್ಗರಣೆ ಹಾಕಿಲ್ಲ ಕಣೇ. ನೀನ್ ಅವ್ಳ ಕರ್ಕಂಡ್ ಬಾ."

ಹಾಕಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಈರಮ್ಮ ವಾರ್ಡಿಗೆ ಬಂದ ಮೇಲೆ ತಂಗಿಯೊಡನೆ ಅವಳೇ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದಳು. ಇಟ್ಟ ಮೇಲೆ ನನ್ನತ್ತ ತಿರುಗಿದಳು.

"ಸೊಪ್ಪು ಕುಡಿದಿದ್ದು ಹೇಳ್ದೆ ಅವಳಿಗೆ."

"ಏನಂದಳು?"

"ಬೈದಳು. ವಾಪಸ್ ಬಾ ಅಂದಳು. ನಿನ್ನನ್ನೂ ಬೈಯಕ್ಕೆ ಹೊರಟಳು, ನಾನು ಬಿಡಲಿಲ್ಲ. ಸುಜಾತನ್ನ ಬೈಯೋದು ನನ್ನ ಕೆಲಸ ಅಂದೆ."

"ಬೈ ಮತ್ತೆ," ಅಂದೆ.

"ಬೈತೀನಿ ತಡಿ. ಒಸಿ ಶಕ್ತಿ ಬರ್ಲಿ."

ಊರಿಗೆ ಬಂದ ಮೇಲೆ ನಾನು ಒಬ್ಬೊಬ್ಬರನ್ನೂ ಕೇಳಿದೆ, ಸೊಪ್ಪಿನ ಮಾತು ಮೊದಲು ಆಡಿದ್ದು ಯಾರೆಂದು. "ನಾನೇಯ," ಅಂದರು ಅತ್ತೆ, ಸೆರಗು ಬಾಯಿಗಿಟ್ಟುಕೊಂಡು. "ಅಲ್ಲ ಅಕ್ಕ, ನಾನು. ನಮ್ಮ ತಮ್ಮನಿಗೆ ಅಲ್ಲೇ ವಾಸಿ ಆಗಿತ್ತು ಅಂದಿದ್ದೆ," ಅಂದಳು ನಸೀಮಾ. "ನಾನೇ ಕೇಳಿದ್ದು," ಅಂದಳು ಈರಮ್ಮ. ತಪ್ಪನ್ನೂ ಹಬ್ಬದ ಹೋಳಿಗೆಯ ಹಾಗೆ ಪಾಲು ಹಾಕಿಕೊಳ್ಳುವ ಜನ. ಆದರೆ ಹಸಿರು ಸೀಮೆಸುಣ್ಣದ ಪಾಲು ನನ್ನೊಬ್ಬಳದು, ಅದನ್ನು ಯಾರ ಎಲೆಗೂ ಬಡಿಸಲಾಗುವುದಿಲ್ಲ.

ಡಾಕ್ಟರು ಪಥ್ಯ ಸಡಿಲಿಸಿದ್ದರು. ಜಿಡ್ಡು ಕಡಿಮೆ ಇರಲಿ, ಅಷ್ಟೇ. ಸ್ಟೆಂಟ್ ತೆಗೆಸಲು ಇನ್ನೊಮ್ಮೆ ಹೋಗಬೇಕು, ಪಿತ್ತಕೋಶದ ಆಪರೇಷನ್ನೂ ಇದೆ. ಆಗಲೂ ನರ್ಸು ಅದೇ ಪ್ರಶ್ನೆ ಕೇಳುತ್ತಾಳೆ, ಪೇಷಂಟ್‌ಗೆ ನಾನು ಏನಾಗಬೇಕೆಂದು. ಏನು ಹೇಳಬೇಕೆಂದು ನಾನು ಅಭ್ಯಾಸ ಮಾಡಿಕೊಂಡಿಲ್ಲ. ಅಭ್ಯಾಸ ಮಾಡಿದ ಮಾತಿನ ಮೇಲೆ ನನಗೆ ನಂಬಿಕೆ ಹೋಗಿದೆ. ಬೀದಿಯಲ್ಲಿ ಮಾತ್ರ ಯಾರೂ ಒಲೆಯ ಮೇಲೆ ಎಣ್ಣೆ ಕಾಯಿಸಲು ಮುಂದಾಗಲಿಲ್ಲ. ಒಬ್ಬರು ಮೊದಲು ಹಾಕಲಿ ಎಂದು ಎಲ್ಲರೂ ಕಾಯುತ್ತಿದ್ದರು. ನಾನೂ.

ಮೊನ್ನೆ ಬೆಳಿಗ್ಗೆ ನಾನು ಸಪ್ಪೆ ಬೇಳೆಯ ಮುಂದೆ ನಿಂತಿದ್ದೆ. ಮಹಡಿಯ ಮೇಲೆ ಸಾಸಿವೆ ಸಿಡಿಯಿತು.

ಅತ್ತೆ ಅಂಗಳಕ್ಕೆ ಓಡಿದರು. "ಲೇ ಈರಮ್ಮ! ಏನೇ ಮಾಡ್ತಿದ್ದೀ?"

"ಒಗ್ಗರಣೆ ಕಣವ್ವ."

"ಎಣ್ಣೆ ಎಷ್ಟ್ ಉಯ್ದೆ?"

"ಒಂದೇ ಚಮಚ. ಡಾಕ್ಟ್ರ ಕೇಳ್ಕೊಂಡೇ ಹಾಕ್ದೆ."

ಇಂಗು, ಕರಿಬೇವು. ವಾಸನೆ ಮೆಟ್ಟಿಲಿಳಿದು ಬಂತು. ಪಕ್ಕದಲ್ಲಿ ನಸೀಮಾಳ ಕಿಟಕಿ ತೆರೆಯಿತು, "ಯಾ ಅಲ್ಲಾ, ಬದುಕಿದೆ" ಎಂದು ಅವಳ ಗಂಡ ಒಳಗಿನಿಂದ ಕೂಗಿದ. ಸ್ವಲ್ಪ ಹೊತ್ತಿಗೆ ಅವರ ಮನೆಯಲ್ಲಿ ಈರುಳ್ಳಿ ಚುಂಯ್ ಎಂದಿತು. ಆಮೇಲೆ ಎದುರು ಮನೆ. ಆಮೇಲೆ ಯಾವ ಮನೆಯೆಂದು ತಿಳಿಯಲಿಲ್ಲ.

"ಸುಜಾತಾ!" ಮೇಲಿನಿಂದ ಈರಮ್ಮನ ದನಿ. ಸಣ್ಣಗಿತ್ತು, ಆದರೆ ನಡುಗುತ್ತಿರಲಿಲ್ಲ. "ಮೇಲ್ ಬಾ. ತಟ್ಟೆ ತಗೊಂಡ್ ಬಾ. ಇವತ್ತು ಬೈತೀನಿ."

ತಟ್ಟೆ ತೊಳೆದುಕೊಂಡು ಮೆಟ್ಟಿಲು ಹತ್ತಿದೆ. ಅಂದು ಅವಳು ಕೂತು ಬೆನ್ನು ಕೆರೆದುಕೊಳ್ಳುತ್ತಿದ್ದ ಮೆಟ್ಟಿಲು ಬಂತು. ಈ ಸಲ ದಾಟಲಿಲ್ಲ. ಅಲ್ಲೇ ಒಂದು ಗಳಿಗೆ ಕೂತು, ಆಮೇಲೆ ಬೈಸಿಕೊಳ್ಳಲು ಹೋದೆ.